ನನ್ನ ದೂರು ಐದು ಬಾರಿ ‘ಪರಿಹಾರ’ವಾಗಿದೆ

ಆನ್‌ಲೈನ್ ಎಂ.ಕಾಂ. ಓದುತ್ತಿರುವ ನನ್ನ ಎರಡನೆಯ ಸೆಮಿಸ್ಟರಿನ ಪರೀಕ್ಷಾ ಅರ್ಜಿ ಇಪ್ಪತ್ತಮೂರು ದಿನಗಳಿಂದ ನಿಂತಲ್ಲೇ ನಿಂತಿದೆ. ಶುಲ್ಕ ಬಾಕಿಯಿಲ್ಲ. ಅಸೈನ್‌ಮೆಂಟುಗಳನ್ನೆಲ್ಲ ಗಡುವಿಗೆ ಮೊದಲೇ ಸಲ್ಲಿಸಿದ್ದೇನೆ. ತೊಡಕು ಇಷ್ಟೇ: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಹಿಂದೆ ಮುಂದೆ ಒಂದೊಂದು ಇನಿಷಿಯಲ್ ಇದೆ; ಆಧಾರ್ ಕಾರ್ಡಿನಲ್ಲಿ ಆ ಎರಡು ಅಕ್ಷರಗಳ ಬದಲು ಊರಿನ ಹೆಸರೂ ತಂದೆಯವರ ಹೆಸರೂ ಪೂರ್ತಿಯಾಗಿ ಬಂದು ಕುಳಿತಿವೆ. ಕರ್ನಾಟಕದಲ್ಲಿ ಶಾಲೆ ಕಲಿತ ಅರ್ಧ ಜನರ ಕಾಗದಪತ್ರಗಳ ಕಥೆ ಹೀಗೆಯೇ ಇದ್ದೀತು. ಮೊದಲ ಸೆಮಿಸ್ಟರಿನಲ್ಲಿ ಇದೇ ಹೆಸರಿಗೆ, ಇದೇ ದಾಖಲೆಗಳಿಗೆ ಯಾರ ತಕರಾರೂ ಇರಲಿಲ್ಲ. ಈಗ ‘ಹೆಸರು ತಾಳೆಯಾಗುತ್ತಿಲ್ಲ’ ಎಂಬ ಕೆಂಪಕ್ಷರದ ಸಾಲೊಂದು ಕಾಣಿಸಿಕೊಳ್ಳುತ್ತದೆ, ಅದರ ಕೆಳಗೆ ಒತ್ತಲು ಒಂದು ಗುಂಡಿಯೂ ಇಲ್ಲ.

ದೂರಶಿಕ್ಷಣ ಮತ್ತು ಆನ್‌ಲೈನ್ ಕೋರ್ಸುಗಳಿಗೆ ಸೇರುವವರು ಡಿಇಬಿ ಐಡಿ ಎಂಬ ಗುರುತಿನ ಸಂಖ್ಯೆ ಪಡೆಯಲೇಬೇಕೆಂದು ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2024ರಲ್ಲಿ ನಿಯಮ ಮಾಡಿತು. ಆ ಐಡಿಗೆ, ಓದಿ ಗಳಿಸಿದ ಕ್ರೆಡಿಟ್‌ಗಳನ್ನು ಕೂಡಿಡುವ ಖಾತೆಯ ಸಂಖ್ಯೆಯಾದ ಎಬಿಸಿ ಐಡಿ ಬೇಕು, ಎಬಿಸಿ ಐಡಿಗೆ ಡಿಜಿಲಾಕರ್, ಡಿಜಿಲಾಕರಿಗೆ ಆಧಾರ್. ನಕಲಿ ಪ್ರವೇಶಗಳನ್ನು ತಡೆಯಲು ಇಂಥದ್ದೊಂದು ಬೇಕು ಎಂಬುದರಲ್ಲಿ ನನ್ನ ತಕರಾರಿಲ್ಲ. ಆದರೆ ಒಂದು ತುದಿಯಲ್ಲಿ ಆಧಾರ್, ಇನ್ನೊಂದು ತುದಿಯಲ್ಲಿ ಅಂಕಪಟ್ಟಿ ಇರುವ ಇಂಥ ಸರಪಳಿಯಲ್ಲಿ ಹೆಸರಿನ ವ್ಯತ್ಯಾಸ ಬಂದೇ ಬರುತ್ತದೆ ಎಂದು ಊಹಿಸಲು ಎಷ್ಟು ಬುದ್ಧಿ ಬೇಕು? ಸಾವಿರಾರು ವಿದ್ಯಾರ್ಥಿಗಳಿಂದ ಶುಲ್ಕ ಕಟ್ಟಿಸಿಕೊಳ್ಳುವ ವಿಶ್ವವಿದ್ಯಾಲಯ, ಆ ವ್ಯತ್ಯಾಸವನ್ನು ಸರಿಪಡಿಸಿಕೊಳ್ಳಲು ತನ್ನ ಜಾಲತಾಣದಲ್ಲಿ ಒಂದು ಪುಟವನ್ನಾದರೂ ಇಡಬೇಡವೇ?

ನಾನು ಶಿರಸಿ ತಾಲ್ಲೂಕಿನ ಸಹಕಾರ ಸಂಘವೊಂದರಲ್ಲಿ ಗುಮಾಸ್ತೆ. ನಮ್ಮ ಕೌಂಟರಿಗೆ ಬೆಳೆಸಾಲಕ್ಕೆ ಬರುವ ರೈತರಲ್ಲಿ ಪಹಣಿಯ ಹೆಸರು, ಆಧಾರ್‌ನ ಹೆಸರು, ಪಾಸ್‌ಬುಕ್ಕಿನ ಹೆಸರು ಮೂರೂ ಒಂದೇ ಆಗಿರುವವರು ಅಪರೂಪ. ಹಾಗೆಂದು ನಾವು ಯಾರನ್ನೂ ‘ತಾಳೆಯಾಗುತ್ತಿಲ್ಲ’ ಎಂದು ಹೇಳಿ ಕಿಟಕಿ ಮುಚ್ಚುವುದಿಲ್ಲ. ನೋಟರಿಯಿಂದ ಅಫಿಡವಿಟ್ ಮಾಡಿಸಿ ತನ್ನಿ, ಈ ಎರಡು ಹೆಸರೂ ನಿಮ್ಮದೇ ಎಂದು ಅದರಲ್ಲಿ ಬರೆಸಿ, ಸೋಮವಾರ ಬನ್ನಿ ಎನ್ನುತ್ತೇವೆ. ಸೋಮವಾರ ಅವರು ಬರುತ್ತಾರೆ, ಕೆಲಸ ಮುಗಿಯುತ್ತದೆ. ಅದಕ್ಕೆ ತಂತ್ರಜ್ಞಾನವೇನೂ ಬೇಕಾಗಿಲ್ಲ. ಮುಂದೇನು ಮಾಡಬೇಕೆಂದು ಹೇಳುವ ಒಬ್ಬ ಮನುಷ್ಯ ಬೇಕು.

ನನಗೆ ಸಿಕ್ಕಿದ್ದು ಚಾಟ್‌ಬಾಟ್. ‘ಹೆಸರು ತಿದ್ದುಪಡಿ’ ಎಂದು ಇಂಗ್ಲಿಷಿನಲ್ಲಿ ಬರೆದರೆ ಅದು ಕೋರ್ಸುಗಳ ಪಟ್ಟಿ ತೋರಿಸಿ ಪ್ರವೇಶಕ್ಕೆ ಅಭಿನಂದನೆ ಹೇಳುತ್ತದೆ. ಕನ್ನಡದಲ್ಲಿ ಬರೆದರೆ ಕ್ಷಮಿಸಿ, ಅರ್ಥವಾಗಲಿಲ್ಲ ಎನ್ನುತ್ತದೆ. ಕೊನೆಗೆ ಟಿಕೆಟ್, ಅಂದರೆ ಆನ್‌ಲೈನ್ ದೂರು, ತೆರೆಯಿರಿ ಎಂದಿತು, ತೆರೆದೆ. ಎರಡು ದಿನ ಬಿಟ್ಟು ಬಂದ ಉತ್ತರ: ‘ದಯವಿಟ್ಟು ವಿದ್ಯಾರ್ಥಿ ಬೆಂಬಲ ವಿಭಾಗವನ್ನು ಸಂಪರ್ಕಿಸಿ.’ ನಾನು ಬರೆದಿದ್ದೇ ವಿದ್ಯಾರ್ಥಿ ಬೆಂಬಲ ವಿಭಾಗಕ್ಕೆ. ಆ ಉತ್ತರದ ಕೆಳಗೆ ಹಸಿರು ಬಣ್ಣದಲ್ಲಿ ‘ಪರಿಹರಿಸಲಾಗಿದೆ’ ಎಂಬ ಮುದ್ರೆ. ಮುಚ್ಚಿದ ಟಿಕೆಟಿಗೆ ಮರುಉತ್ತರ ಬರೆಯಲು ಬರುವುದಿಲ್ಲವಾದ್ದರಿಂದ ಎರಡನೆಯದನ್ನು ತೆರೆದು, ಮೊದಲಿನಿಂದ ಎಲ್ಲವನ್ನೂ ಬರೆದು, ಅಂಕಪಟ್ಟಿ ಮತ್ತು ಆಧಾರ್ ಎರಡನ್ನೂ ಲಗತ್ತಿಸಿದೆ. ಈ ಬಾರಿಯ ಉತ್ತರ, ಡಿಇಬಿ ಐಡಿ ಯುಜಿಸಿಗೆ ಸೇರಿದ್ದು, ಅಲ್ಲಿಯೇ ವಿಚಾರಿಸಿ ಎಂದಿತ್ತು. ಮೂರನೆಯದರಲ್ಲಿ ಲಗತ್ತು ಇಲ್ಲವೆಂದರು. ಲಗತ್ತು ಅಲ್ಲಿಯೇ ಕಾಣುತ್ತಿತ್ತು. ನಾಲ್ಕನೆಯದರಲ್ಲಿ ಬ್ರೌಸರಿನ ಕ್ಯಾಶೆ ಅಳಿಸಿ ನೋಡಿ ಎಂದರು. ನನ್ನ ಹೆಸರನ್ನು ಅಪ್ಪ ಇಟ್ಟದ್ದೇ ಹೊರತು ಬ್ರೌಸರ್ ಇಟ್ಟದ್ದಲ್ಲ. ಐದನೆಯದಕ್ಕೆ ಉತ್ತರವೂ ಇಲ್ಲದೆ ನೇರವಾಗಿ ಹಸಿರು ಮುದ್ರೆ ಬಿತ್ತು. ಅವರ ಲೆಕ್ಕದ ಪ್ರಕಾರ ನಾನು ಐದು ಸಮಸ್ಯೆಗಳು ಪರಿಹಾರವಾದ ಭಾಗ್ಯವಂತೆ.

ಸಹಾಯವಾಣಿ ಇದೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆ, ಭಾನುವಾರ ಮತ್ತು ಎರಡನೇ ಶನಿವಾರ ರಜೆ. ಕೆಲಸದಲ್ಲಿದ್ದುಕೊಂಡೇ ಓದಿ, ನಿಮ್ಮ ಬಿಡುವಿನ ವೇಳೆಯಲ್ಲಿ ಕಲಿಯಿರಿ ಎಂದು ಜಾಹೀರಾತು ಕೊಟ್ಟು ನಮ್ಮನ್ನು ಸೇರಿಸಿಕೊಂಡವರು, ನಾವು ಕೆಲಸದಲ್ಲಿರುವ ಹೊತ್ತಿನಲ್ಲಿ ಮಾತ್ರ ಫೋನ್ ಎತ್ತುತ್ತಾರೆ. ನಮ್ಮ ಬಿಡುವಿನ ವೇಳೆಯಲ್ಲಿ ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುವುದು ಶುಲ್ಕ ಪಾವತಿಯ ಪುಟವೊಂದೇ. ರಾತ್ರಿ ಹನ್ನೊಂದೂವರೆಗೆ ಹಣ ಕಟ್ಟಿದರೂ ಅರೆಕ್ಷಣದಲ್ಲಿ ರಸೀದಿ ಬರುತ್ತದೆ, ಆಗ ಯಾವ ಹೆಸರೂ ತಾಳೆಯಾಗಬೇಕಿಲ್ಲ.

ಊಟದ ಬಿಡುವಿನಲ್ಲಿ ಒಮ್ಮೆ ಕರೆ ಮಾಡಿದೆ. ಅಲ್ಲಿಯೂ ಊಟದ ಬಿಡುವು.

ಕಾಯಿದೆ ಕಾನೂನು ಇಲ್ಲವೆಂದೇನಲ್ಲ. ಆನ್‌ಲೈನ್ ಕೋರ್ಸುಗಳ ಕುರಿತ ಯುಜಿಸಿಯ 2020ರ ನಿಯಮಾವಳಿ ಕಲಿಯುವವರಿಗೆ ಬೆಂಬಲ ಸೇವೆ ಇರಬೇಕೆನ್ನುತ್ತದೆ. ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣೆಗೆಂದೇ 2023ರಲ್ಲಿ ಬಂದ ನಿಯಮಾವಳಿಯ ಪ್ರಕಾರ ಪ್ರತಿ ಸಂಸ್ಥೆಯಲ್ಲಿಯೂ ದೂರಿಗೊಂದು ಪೋರ್ಟಲ್ ಇರಬೇಕು, ಸಮಿತಿ ಇರಬೇಕು, ಆ ಸಮಿತಿ 15 ಕೆಲಸದ ದಿನಗಳೊಳಗೆ ವರದಿ ಕೊಡಬೇಕು, ಅಲ್ಲಿಯೂ ನ್ಯಾಯ ಸಿಗದಿದ್ದರೆ ಮೇಲ್ಮನವಿ ಕೇಳುವ ಓಂಬುಡ್ಸ್‌ಪರ್ಸನ್ ಬಳಿ ಹೋಗಬಹುದು. ನಮ್ಮ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಸಮಿತಿಯ ಸದಸ್ಯರ ಪಟ್ಟಿಯೂ ಇದೆ. ಅದರ ಪಕ್ಕದ ‘ದೂರು ಸಲ್ಲಿಸಿ’ ಎಂಬ ಕೊಂಡಿಯನ್ನು ಒತ್ತಿದರೆ ಮತ್ತೆ ಅದೇ ಚಾಟ್‌ಬಾಟ್ ಎದ್ದು ಬಂದು ಅಭಿನಂದನೆ ಹೇಳುತ್ತದೆ.

ಪಾಠಗಳ ವಿಡಿಯೋ ಚೆನ್ನಾಗಿವೆ, ಅದನ್ನು ಒಪ್ಪುತ್ತೇನೆ. ಅಧ್ಯಾಪಕರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು, ವಿದ್ಯಾರ್ಥಿ ಬೆಂಬಲವೆಂದರೆ ಟಿಕೆಟ್ ಮುಚ್ಚುವ ಯಂತ್ರವೊಂದನ್ನು ಖರೀದಿಸುವುದು ಎಂದು ತಿಳಿದವರ ಮೇಲೆ. ಕಾಲೇಜಿಗೆ ಹೋಗುವ ಹುಡುಗಿಗೆ ಇಂಥ ತೊಂದರೆ ಬಂದರೆ ಆಫೀಸಿನ ಮುಂದೆ ನಿಲ್ಲುತ್ತಾಳೆ, ಕ್ಲರ್ಕ್ ಇಲ್ಲದಿದ್ದರೆ ಸೂಪರಿಂಟೆಂಡೆಂಟ್ ಇರುತ್ತಾರೆ, ಅವರೂ ಇಲ್ಲದಿದ್ದರೆ ಪ್ರಾಂಶುಪಾಲರ ಬಾಗಿಲಿರುತ್ತದೆ. ನಮಗೆ ನಿಲ್ಲಲು ಬಾಗಿಲೇ ಇಲ್ಲ, ಇರುವುದೊಂದು ಪರದೆ. ಆ ಪರದೆಯಲ್ಲಿ ನನ್ನ ದೂರು ಯಾರ ಮೇಜಿನ ಮೇಲಿದೆ ಎಂದು ಒಂದು ಹುದ್ದೆಯ ಹೆಸರನ್ನಾದರೂ ತೋರಿಸಲಿ. ನಾನು ಸರಿಯಾಯಿತು ಎನ್ನುವವರೆಗೆ ಟಿಕೆಟ್ ಮುಚ್ಚದಿರಲಿ. ರಾತ್ರಿ ಎಂಟರಿಂದ ಹತ್ತರವರೆಗೆ, ಕನ್ನಡ ಬಲ್ಲ ಇಬ್ಬರನ್ನು ಫೋನಿನ ಮುಂದೆ ಕೂರಿಸಲಿ. ಇವು ಕೋಟಿ ರೂಪಾಯಿಯ ಕೆಲಸಗಳಲ್ಲ.

ಅರ್ಜಿಗೆ ದಂಡವಿಲ್ಲದ ಕೊನೆಯ ದಿನ ಈ ಶುಕ್ರವಾರ. ಸಹಾಯವಾಣಿಗೆ ಕರೆ ಮಾಡುವುದಕ್ಕಾಗಿಯೇ ನಾಳೆ ಒಂದು ದಿನದ ರಜೆ ಹಾಕಿದ್ದೇನೆ. ರಜೆ ಅರ್ಜಿಯ ಕಾರಣದ ಜಾಗದಲ್ಲಿ ‘ಫೋನ್ ಮಾಡಲು’ ಎಂದು ಬರೆದದ್ದನ್ನು ಓದಿದ ನಮ್ಮ ಕಾರ್ಯದರ್ಶಿಗಳು, ಸಂಘದ ಫೋನೇ ಇದೆಯಲ್ಲಮ್ಮ, ಐದು ನಿಮಿಷದ ಮಾತಿಗೆ ಇಡೀ ದಿನ ಯಾಕೆ ಎಂದು ಕೇಳಿದರು.