ಸಿಐಡಿ 999 ಮತ್ತೆ ಬರಬೇಕೇ?

1968ರಲ್ಲಿ ‘ಜೇಡರ ಬಲೆ’, ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’. ಆಮೇಲೆ ಒಂಬತ್ತು ವರ್ಷ ಬಿಟ್ಟು, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ನಾಲ್ಕಕ್ಕೂ ನಿರ್ದೇಶಕರು ದೊರೈ–ಭಗವಾನ್, ನಾಲ್ಕರಲ್ಲೂ ಪತ್ತೇದಾರ ಡಾ. ರಾಜ್‌ಕುಮಾರ್. ಹೊಸ ನಟ, ಹೊಸ ತಂತ್ರಜ್ಞಾನದೊಂದಿಗೆ ಈ ಸರಣಿಯನ್ನು ಮತ್ತೆ ಶುರುಮಾಡಬಹುದೇ? ಅಭಿಮಾನಿಗಳು ಸೇರಿದಲ್ಲಿ ಕಾಫಿ ಆರಿಹೋಗುವಷ್ಟು ಹೊತ್ತು ನಡೆಯುವ ಈ ವಾದದ ಎರಡು ಮಗ್ಗುಲು ಇಲ್ಲಿವೆ.

ಪರ: ಸಂಖ್ಯೆ ಖಾಲಿ ಇದೆ, ಯಾರಿಗಾದರೂ ಕೊಡಿ

ನನ್ನ ಮಗಳಿಗೆ ರಾಜ್‌ಕುಮಾರ್ ಪರಿಚಯವಾದದ್ದು ಮಯೂರನಾಗಿ ಅಲ್ಲ, ಬಭ್ರುವಾಹನನಾಗಿಯೂ ಅಲ್ಲ. ಮೊಬೈಲಿನ ಹತ್ತು ಸೆಕೆಂಡಿನ ತುಣುಕೊಂದರಲ್ಲಿ ‘ಇಫ್ ಯು ಕಮ್ ಟುಡೇ’ ಎಂದು ಹಾಡುವ ಮನುಷ್ಯನಾಗಿ. ‘ಇವರು ಯಾರಪ್ಪ, ಇಷ್ಟು ಚೆನ್ನಾಗಿ ಹಾಡುತ್ತಾರೆ?’ ಎಂದು ಕೇಳಿದಳು. ಬಾಲ್ಯದಲ್ಲೇ ಶಾಲೆ ಬಿಟ್ಟು ನಾಟಕ ಕಂಪನಿ ಸೇರಿದ ಕಲಾವಿದ ಹಾಡಿದ ಇಂಗ್ಲಿಷ್ ಹಾಡು ಅದು, ಸಿನಿಮಾ ‘ಆಪರೇಷನ್ ಡೈಮಂಡ್ ರಾಕೆಟ್’ ಎಂದು ವಿವರಿಸಿದೆ. ಅವಳು ಸಿನಿಮಾ ಹಾಕಲು ಹೇಳಿದಳು, ಇಪ್ಪತ್ತು ನಿಮಿಷ ನೋಡಿದಳು, ಎದ್ದು ಹೋದಳು. ತಪ್ಪು ಅವಳದಲ್ಲ. ಅಂದಿನ ಚಿತ್ರದ ನಡಿಗೆಯೇ ಬೇರೆ.

ಆ ಇಪ್ಪತ್ತು ನಿಮಿಷ ನನ್ನನ್ನು ಕಾಡುತ್ತಿದೆ. ಕುತೂಹಲವಿದ್ದ ಹುಡುಗಿ ಬಾಗಿಲವರೆಗೆ ಬಂದಳು, ಒಳಗೆ ಕೂರಿಸಲು ನಮ್ಮಲ್ಲಿ ಕುರ್ಚಿ ಇರಲಿಲ್ಲ.

ಈ ಸರಣಿಯ ಹೆಸರುಗಳನ್ನು ಒಮ್ಮೆ ಬಾಯಿಬಿಟ್ಟು ಓದಿ. ‘ಗೋವಾದಲ್ಲಿ’, ‘ಜಾಕ್‌ಪಾಟ್‌ನಲ್ಲಿ’. ಇಂಗ್ಲಿಷ್ ಪದಕ್ಕೂ ಸಲೀಸಾಗಿ ಸಪ್ತಮಿ ವಿಭಕ್ತಿ ಹಚ್ಚಿ, ನಮ್ಮ ಮನುಷ್ಯ ಅಲ್ಲಿಗೂ ಹೋಗಿದ್ದಾನೆ ಎಂದು ಸಾರುವ ಶೀರ್ಷಿಕೆಗಳು. ಇವು ಮುಗಿದ ಕಥೆಯ ಹೆಸರುಗಳಲ್ಲ, ಮುಂದುವರಿಸಲೆಂದೇ ಇಟ್ಟವು. ಮಂಗಳೂರಿನಲ್ಲಿ ಸಿಐಡಿ 999, ದುಬೈಯಲ್ಲಿ ಸಿಐಡಿ 999 ಎಂದರೆ ಯಾವ ಕನ್ನಡಿಗನಿಗೂ ವಿವರಣೆ ಬೇಕಾಗುವುದಿಲ್ಲ. ಇಂಥ ಸಿದ್ಧ ಚೌಕಟ್ಟನ್ನು ಅರ್ಧ ಶತಮಾನಕ್ಕೂ ಸ್ವಲ್ಪ ಕಡಿಮೆ ಕಾಲ ಅಟ್ಟದ ಮೇಲೆ ಎಸೆದಿದ್ದೇವೆ.

ಕಾಲ ಬದಲಾಗಿದೆ, ಆ ಕಥೆಗಳು ಈಗ ಹೊಂದುವುದಿಲ್ಲ ಎನ್ನುವವರಿದ್ದಾರೆ. ಆದರೆ ಆ ಕಥೆಗಳು ಅಂದು ಹೊಂದಿದ್ದಾದರೂ ಹೇಗೆ? ‘ಜೇಡರ ಬಲೆ’ಯ ಮೂಲದಲ್ಲಿರುವುದು ಲೋಹವನ್ನು ಚಿನ್ನವಾಗಿಸುವ ಸೂತ್ರ. ಅದು ಬಂದ 1968ರಲ್ಲೇ ದೇಶದಲ್ಲಿ ಚಿನ್ನ ನಿಯಂತ್ರಣ ಕಾಯ್ದೆಯೂ ಬಂತು. ಗಟ್ಟಿ ಚಿನ್ನ ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧವಾದ ಕಾಲ, ಕಳ್ಳಸಾಗಣೆಯವರ ಸುಗ್ಗಿ. ಗೋವಾ ಪೋರ್ಚುಗೀಸರ ಕೈಯಿಂದ ಬಿಡುಗಡೆಯಾಗಿ ಇನ್ನೂ ಏಳು ವರ್ಷ, ನಮ್ಮ ಪ್ರೇಕ್ಷಕನಿಗೆ ಅದು ಹೆಚ್ಚುಕಡಿಮೆ ಪರದೇಶ. ಅಂದರೆ ದೊರೈ–ಭಗವಾನ್ ಜೇಮ್ಸ್ ಬಾಂಡ್‌ನಿಂದ ಕೋಟು ತಂದರು, ಭಯವನ್ನು ಮಾತ್ರ ಇಲ್ಲಿಂದಲೇ ತೆಗೆದುಕೊಂಡರು.

ಇಂದಿನ ಭಯಕ್ಕೇನು ಬರವೇ? ‘ಡಿಜಿಟಲ್ ಅರೆಸ್ಟ್’ ಎಂಬ ಮೋಸವನ್ನೇ ನೋಡಿ. ವಿಡಿಯೊ ಕರೆಯಲ್ಲಿ ಪೊಲೀಸ್ ಸಮವಸ್ತ್ರ, ಹಿಂದೆ ಠಾಣೆಯಂತೆ ಕಾಣುವ ಗೋಡೆ, ಸಿಬಿಐ ಎಂಬ ಹೆಸರು. ನಿವೃತ್ತ ಮೇಷ್ಟ್ರು ತಮ್ಮ ಮನೆಯಲ್ಲೇ ಕೈದಿಯಾಗಿ ಕೂತು ಉಳಿತಾಯವನ್ನೆಲ್ಲ ಕಳಿಸಿಬಿಡುತ್ತಾರೆ. ಸುಳ್ಳು ಸಿಐಡಿಗಳು ಹೀಗೆ ಮನೆಮನೆಗೆ ನುಗ್ಗುತ್ತಿರುವಾಗ ನಿಜವಾದ ಸಿಐಡಿ ಒಬ್ಬ ಬೇಡವೇ?

ಇನ್ನು ‘ಅಣ್ಣಾವ್ರ ಜಾಗಕ್ಕೆ ಯಾರು?’ ಎಂಬ ಪ್ರಶ್ನೆ. ಉತ್ತರ ಸುಲಭ: ಯಾರೂ ಇಲ್ಲ, ಯಾರೂ ಬೇಕಾಗಿಲ್ಲ. ಚಿತ್ರಗಳಲ್ಲಿ ಸಿಐಡಿ 999 ಆಗಿದ್ದ ಪ್ರಕಾಶ್ ಎಂಬ ಮನುಷ್ಯ ನಿವೃತ್ತನಾದ. 999 ಎಂಬುದು ಇಲಾಖೆ ಕೊಟ್ಟ ಸಂಖ್ಯೆ, ಮನೆತನದ ಆಸ್ತಿಯಲ್ಲ. ಅದನ್ನು ಮಗನಿಗೋ ಮೊಮ್ಮಗನಿಗೋ ದಾಟಿಸುವ ಕಥೆ ಹೆಣೆದರೆ ನಾನೇ ಮೊದಲು ವಿರೋಧಿಸುತ್ತೇನೆ. ರಾಯಚೂರಿನ ಯಾವುದೋ ಠಾಣೆಯಿಂದ ಬಂದ ಹುಡುಗಿಯೊಬ್ಬಳ ಕೈಗೆ ಹಳೆಯ ಕಡತ ಬರಲಿ, ಮೇಲೆ 999 ಎಂದು ಬರೆದಿರಲಿ. ಬಾಂಡ್‌ನ ಅಂಗಿಯನ್ನು 1962ರಿಂದ ಆರು ಮಂದಿ ತೊಟ್ಟರು, ಪ್ರತಿ ಸಲವೂ ಹಳಬರು ಮುನಿಸಿಕೊಂಡರು, ಪ್ರತಿ ಸಲವೂ ಚಿತ್ರಮಂದಿರಕ್ಕೆ ಬಂದರು. ಬಂಗಾಳದ ಪತ್ತೇದಾರ ಫೆಲೂದಾನಿಗೂ ನಟ ಸೌಮಿತ್ರ ಚಟರ್ಜಿಯ ನಂತರ ಬೇರೆ ಬೇರೆ ಮುಖಗಳು ಬಂದವು.

ನಮ್ಮಲ್ಲೇ ‘ಗಂಧದ ಗುಡಿ’ಯ ಉದಾಹರಣೆ ಇದೆಯಲ್ಲ. 1973ರಲ್ಲಿ ರಾಜ್‌ಕುಮಾರ್, 1994ರ ಎರಡನೇ ಭಾಗದಲ್ಲಿ ಶಿವರಾಜ್‌ಕುಮಾರ್, 2022ರಲ್ಲಿ ಪುನೀತ್. ಮೂರು ತಲೆಮಾರಿನ ಪ್ರೇಕ್ಷಕರಿಗೆ ಒಂದೇ ಹೆಸರು ಮೂರು ಬಗೆಯ ಕಾಡನ್ನು ತೋರಿಸಿತು. ಆ ಹೆಸರಿಗೆ ದಕ್ಕಿದ ಭಾಗ್ಯ 999ಕ್ಕೆ ಏಕೆ ಬೇಡ?

ವಿರೋಧ: ಕೋಟು ಉಳಿದಿದೆ, ಮೈ ಎಲ್ಲಿದೆ?

ನಮ್ಮೂರ ಟೆಂಟಿಗೆ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದಾಗ ನನಗೆ ಹತ್ತು ವರ್ಷ. ನೆಲದ ಟಿಕೆಟ್ಟು, ಮರಳಿನ ಗುಪ್ಪೆ ಮಾಡಿಕೊಂಡು ಅದರ ಮೇಲೆ ಕೂತಿದ್ದೆವು. ಪಕ್ಕದಲ್ಲಿ ಅಜ್ಜಿ. ಅವರು ಹಿಂದೊಮ್ಮೆ ‘ಮಂತ್ರಾಲಯ ಮಹಾತ್ಮೆ’ ನೋಡಿ, ತೆರೆಯ ಮೇಲಿನ ರಾಘವೇಂದ್ರ ಸ್ವಾಮಿಗಳಿಗೆ ಕೈ ಮುಗಿದು ಬಂದವರು. ಅದೇ ಮುಖ ಈಗ ಸೂಟು ತೊಟ್ಟು ಕ್ಲಬ್ಬಿನಲ್ಲಿ ಇಂಗ್ಲಿಷ್ ಹಾಡುತ್ತಿದೆ. ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ‘ನೋಡು, ನಮ್ಮ ಮುತ್ತುರಾಜ ಏನೇನು ವೇಷ ಹಾಕುತ್ತಾನೆ!’ ಎಂದರು.

ಆ ನಗೆಯಲ್ಲೇ ನನ್ನ ವಾದವಿದೆ. ಸಿಐಡಿ 999 ಒಂದು ಪಾತ್ರವಾಗಿರಲಿಲ್ಲ, ವೇಷವಾಗಿತ್ತು. 1965ರಲ್ಲಿ ಸತ್ಯ ಹರಿಶ್ಚಂದ್ರ, 1966ರಲ್ಲಿ ರಾಯರು, 1967ರಲ್ಲಿ ಇಮ್ಮಡಿ ಪುಲಿಕೇಶಿ. ಮರುವರ್ಷವೇ ಕೈಯಲ್ಲಿ ಪಿಸ್ತೂಲು ಹಿಡಿದ ಪತ್ತೇದಾರ. ಕಿರೀಟ, ಕಾವಿಯನ್ನು ಇಳಿಸಿಟ್ಟು ಒಂದು ದಿನ ರಜೆ ಹಾಕಿದ ಮನುಷ್ಯನಂತೆ ಅವರು ಕಾಣುತ್ತಿದ್ದರು. ಇವನು ಎಲ್ಲಿಗೆ ಹೋದರೂ ಕೆಡುವುದಿಲ್ಲ ಎಂಬ ಭರವಸೆಯಲ್ಲಿ ನಾವು ಆ ರಜೆಗೆ ಜೊತೆಯಾಗಿದ್ದೆವು. ಹಿಂದಿನ ಆ ಪಾತ್ರಗಳ ನೆನಪೇ ಇಲ್ಲದ ಪ್ರೇಕ್ಷಕನ ಮುಂದೆ, ಆ ಪಾತ್ರಗಳನ್ನು ಮಾಡದ ನಟನೊಬ್ಬ ಸೂಟು ತೊಟ್ಟು ನಿಂತರೆ ಅದು ಸೂಟು ಮಾತ್ರ. ಅಂಗಡಿಯಲ್ಲಿ ಸಿಗುತ್ತದೆ.

ಬಾಂಡ್‌ಗೆ ಆರು ಮುಖಗಳಾದವು, ನಿಜ. ಆದರೆ ಬಾಂಡ್ 1953ರಲ್ಲೇ ಕಾದಂಬರಿಯ ಹಾಳೆಯ ಮೇಲೆ ಹುಟ್ಟಿದ್ದ, ಸಿನಿಮಾ ನಟ ಆಮೇಲೆ ಬಂದ. ಫೆಲೂದಾನನ್ನೂ ಸತ್ಯಜಿತ್ ರೇ ಮೊದಲು ಬರೆದರು, ಬಳಿಕ ತೆರೆಗೆ ತಂದರು. ಹಾಳೆಯ ಮೇಲಿನ ಮನುಷ್ಯನಿಗೆ ಯಾರ ಮುಖವನ್ನಾದರೂ ಹಚ್ಚಬಹುದು. ನಮ್ಮ ಪ್ರಕಾಶನಿಗೆ ಹಾಳೆಯೇ ಇಲ್ಲ. ಅವನಿಗೆ ಏನು ಇಷ್ಟ, ಯಾವ ಊರಿನವನು, ಯಾವುದಕ್ಕೆ ಅಂಜುತ್ತಾನೆ ಎಂದು ಕೇಳಿದರೆ ನಾಲ್ಕು ಚಿತ್ರ ಅರೆದು ಕುಡಿದ ಅಭಿಮಾನಿಯೂ ತಡವರಿಸುತ್ತಾನೆ. ಆ ಖಾಲಿ ಜಾಗವನ್ನೆಲ್ಲ ರಾಜ್‌ಕುಮಾರ್ ಎಂಬ ಒಂದೇ ಹೆಸರು ತುಂಬಿತ್ತು.

ಹುಟ್ಟಿಸಿದವರೇ ಈ ಸರಣಿಯನ್ನು ಎಷ್ಟು ಹಗುರವಾಗಿ ಹಿಡಿದಿದ್ದರು ಎಂಬುದನ್ನೂ ನೋಡಬೇಕು. ಮೂರು ಚಿತ್ರಗಳ ಬಳಿಕ ದೊರೈ–ಭಗವಾನ್ ‘ಕಸ್ತೂರಿ ನಿವಾಸ’ಕ್ಕೆ ಹೋದರು, ‘ಎರಡು ಕನಸು’, ‘ಬಯಲು ದಾರಿ’ ಎಂದು ಕಾದಂಬರಿಗಳ ಬೆನ್ನು ಹತ್ತಿದರು. 1978ರಲ್ಲಿ ಒಮ್ಮೆ ಹಳೆಯ ನೆಂಟನ ಮನೆಗೆ ಹೋಗಿಬಂದಂತೆ ನಾಲ್ಕನೆಯದನ್ನು ಮಾಡಿ, ಮತ್ತೆ ಅತ್ತ ತಿರುಗಲಿಲ್ಲ. ಭಗವಾನ್ 2023ರವರೆಗೂ ನಮ್ಮೊಡನಿದ್ದರು, ಐದನೆಯದು ಬರಲಿಲ್ಲ.

ಡಿಜಿಟಲ್ ಅರೆಸ್ಟ್ ಮಾತು ಕೇಳಲು ಚೆನ್ನಾಗಿದೆ. ಆದರೆ ಆ ಕಳ್ಳರನ್ನು ಹಿಡಿಯುವುದು ಬ್ಯಾಂಕ್ ಖಾತೆಯಿಂದ ಖಾತೆಗೆ ಹಣ ಹರಿದ ಜಾಡಿನಿಂದ, ಕಂಪ್ಯೂಟರಿನ ಮುಂದೆ ಕಣ್ಣು ಕೆಂಪಾಗಿಸಿಕೊಂಡು ಕೂತ ಸಿಬ್ಬಂದಿಯಿಂದ. ಅದರ ಮೇಲೆ ಒಳ್ಳೆಯ ಸಿನಿಮಾ ಖಂಡಿತ ಆಗಬಹುದು. ಆಗಲಿ. ರಾಯಚೂರಿನ ಆ ಹುಡುಗಿಯ ಕಥೆ ನನಗೂ ಇಷ್ಟವಾಯಿತು. ಅವಳ ಬೆನ್ನ ಮೇಲೆ ಬೇರೊಬ್ಬರ ಸಂಖ್ಯೆಯನ್ನು ಹೊರಿಸುವುದೇಕೆ? ಮೊದಲ ದೃಶ್ಯದಿಂದಲೇ ಅವಳನ್ನು ಅಣ್ಣಾವ್ರ ಜೊತೆ ಹೋಲಿಸುತ್ತಾರೆ, ಪೋಸ್ಟರಿನಲ್ಲಿ ಅವರ ಚಿತ್ರ ಎಷ್ಟು ದೊಡ್ಡದಿದೆ ಎಂದು ಜಗಳ ಹತ್ತುತ್ತದೆ, ನಟಿಸಿದವಳ ಶ್ರಮ ಮಣ್ಣುಪಾಲಾಗುತ್ತದೆ.

‘ಗಂಧದ ಗುಡಿ’ಯನ್ನು ಎದುರಿಟ್ಟಿರಿ. ಅದು ನನ್ನ ಸಾಕ್ಷಿ, ನಿಮ್ಮದಲ್ಲ. 1994ರ ಚಿತ್ರದಲ್ಲಿ ಸ್ವತಃ ರಾಜ್‌ಕುಮಾರ್ ಕಾಣಿಸಿಕೊಂಡಿದ್ದರು. 2022ರದ್ದು ಹಳೆಯ ಕಥೆಯನ್ನು ಮುಟ್ಟಲೇ ಇಲ್ಲ. ಪುನೀತ್ ಅಲ್ಲಿ ಯಾವ ಅರಣ್ಯಾಧಿಕಾರಿಯ ಪಾತ್ರವನ್ನೂ ಹಾಕದೆ ಪುನೀತ್ ಆಗಿಯೇ ಕಾಡು ಸುತ್ತಿದರು. ಅಪ್ಪನ ಹೆಸರು ಇಟ್ಟುಕೊಂಡರು, ಅಪ್ಪನ ವೇಷ ತೊಡಲಿಲ್ಲ. ಅಷ್ಟು ವಿವೇಕ ನಮ್ಮ ಉದ್ಯಮದಲ್ಲಿ ದಿನವೂ ಸಿಗುವ ಪದಾರ್ಥವಲ್ಲ.

ಹೊಸ ಪ್ರೇಕ್ಷಕ ಹಳೆಯ ಹೆಸರನ್ನು ಕಾಯುತ್ತಿದ್ದಾನೆಯೇ ಎಂಬುದೂ ಅನುಮಾನ. ಕನ್ನಡ ಬಾರದವರನ್ನೂ ಚಿತ್ರಮಂದಿರಕ್ಕೆ ಕರೆತಂದ 2018ರ ‘ಕೆಜಿಎಫ್’ ಆಗಲಿ, 2022ರ ‘ಕಾಂತಾರ’ ಆಗಲಿ ಹಳೆಯ ಚಿತ್ರದ ಬೆನ್ನೇರಿ ಬಂದವಲ್ಲ. ನೀವು ಹೇಳಿದ ಚಿನ್ನದ ಆಸೆ, ಚಿನ್ನದ ಭಯ ಕೋಲಾರದ ಗಣಿಯ ಕಥೆಯಾಗಿ ಬೇರೆ ಹೆಸರಿನಲ್ಲಿ ಆಗಲೇ ಬಂದು ಹೋಗಿದೆ.

ಒಂದು ಮಾತು ಒಪ್ಪುತ್ತೇನೆ. ಶೀರ್ಷಿಕೆಯಲ್ಲಿನ ಆ ಸಪ್ತಮಿ ವಿಭಕ್ತಿಯನ್ನು ನಾನು ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲ.

ಇಪ್ಪತ್ತು ನಿಮಿಷಕ್ಕೆ ಎದ್ದುಹೋದ ನಿಮ್ಮ ಮಗಳ ಬಗ್ಗೆಯೂ ಹೇಳಬೇಕು. ಅವಳು ನೋಡಿದ್ದು ಯಾವ ಪ್ರತಿ? ಬಣ್ಣ ಮಾಸಿದ, ಧ್ವನಿ ಒಡೆದ, ಮೂಲೆಯಲ್ಲಿ ಯಾವುದೋ ಕಂಪನಿಯ ಮುದ್ರೆ ಒತ್ತಿದ ಮೊಬೈಲ್ ಪ್ರತಿ ಇರಬೇಕು. ಹೊಸ ಸರಣಿಗೆ ಸುರಿಯುವ ಕೋಟಿಗಳಲ್ಲಿ ಒಂದು ಚೂರು ಸಾಕು, ನಾಲ್ಕೂ ಚಿತ್ರಗಳ ಉಳಿದಿರುವ ಪ್ರಿಂಟ್‌ಗಳನ್ನು ಹುಡುಕಿ ತೊಳೆಯಬಹುದು. ಜಿ.ಕೆ. ವೆಂಕಟೇಶ್ ಅವರ ವಾದ್ಯವೃಂದವನ್ನು ಸ್ಪಷ್ಟವಾಗಿ ಕೇಳಿಸಬಹುದು. ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತೊಟ್ಟು ಬಂದವು, ‘ನಾಗರಹಾವು’ 2018ರಲ್ಲಿ ಹೊಸ ಧ್ವನಿಯೊಂದಿಗೆ ಬಂತು. ಕಪ್ಪು–ಬಿಳುಪಿನ ಮೂರಕ್ಕೆ ನನ್ನ ಮಟ್ಟಿಗೆ ಬಣ್ಣವೂ ಬೇಡ. ಗೋವಾದ ಹುಡುಗಿಯಾಗಿ ಕನ್ನಡಕ್ಕೆ ಕಾಲಿಟ್ಟ ಲಕ್ಷ್ಮಿ, ಇನ್ನೂ ಹಿಂದಿಗೆ ಗೊತ್ತಿರದ ರೇಖಾ, ಕಪ್ಪು–ಬಿಳುಪಿನಲ್ಲೇ ಚೆಂದ.

ಅಂಥ ಪ್ರತಿಯೊಂದು ದೊಡ್ಡ ತೆರೆಗೆ ಬಂದ ದಿನ ಮಗಳನ್ನು ಕರೆದುಕೊಂಡು ಬನ್ನಿ. ಟಿಕೆಟ್ ನಾನು ತೆಗೆಸುತ್ತೇನೆ. ಅವಳು ಆಗಲೂ ಇಪ್ಪತ್ತು ನಿಮಿಷಕ್ಕೆ ಎದ್ದರೆ, ನಿಮ್ಮ ಹೊಸ 999ರ ಮೊದಲ ಆಟಕ್ಕೂ ನಾನು ಬರುತ್ತೇನೆ.