ಸ್ಪಷ್ಟನೆ: ಕ್ವಾಂಟಸ್ ಹುಟ್ಟಿದ್ದು ಲಾಂಗ್‌ರೀಚ್‌ನಲ್ಲಲ್ಲ

‘ಕ್ವಾಂಟಸ್ ವಿಮಾನ ಸಂಸ್ಥೆ ಹುಟ್ಟಿದ್ದೇ ಲಾಂಗ್‌ರೀಚ್‌ನಲ್ಲಿ, ಅದನ್ನು ನೋಡಿದರೆ ಸಾಕು, ವಿಂಟನ್‌ಗೆ ಹೋಗಬೇಕಿಲ್ಲ’ ಎಂಬ ಸಂದೇಶ ಆಸ್ಟ್ರೇಲಿಯಾದ ಔಟ್‌ಬ್ಯಾಕ್‌ಗೆ, ಅಂದರೆ ಜನವಿರಳವಾದ ಒಳನಾಡಿಗೆ, ಕಾರಿನಲ್ಲಿ ಹೊರಡುವವರ ನಡುವೆ ಓಡಾಡುತ್ತಿದೆ. ಇದು ತಪ್ಪು.

1920ರ ನವೆಂಬರ್ 16ರಂದು ಸ್ಥಾಪನೆಯಾದ ಸಂಸ್ಥೆಯ ಮೊದಲ ನೆಲೆ ಕ್ವೀನ್ಸ್‌ಲ್ಯಾಂಡ್ ರಾಜ್ಯದ ವಿಂಟನ್. ಮೊದಲ ಆಡಳಿತ ಮಂಡಳಿ ಸಭೆ ನಡೆದದ್ದೂ ಅಲ್ಲೇ, 1921ರ ಫೆಬ್ರವರಿಯಲ್ಲಿ, ವಿಂಟನ್ ಕ್ಲಬ್ಬಿನಲ್ಲಿ. ಕಚೇರಿ ಅದೇ ರಾಜ್ಯದ ಲಾಂಗ್‌ರೀಚ್‌ಗೆ ಬಂದದ್ದು ಆಮೇಲೆ. 1930ರಲ್ಲಿ ಅದು ಬ್ರಿಸ್ಬೇನ್‌ಗೆ ಹೋಯಿತು.

ಹಾಗಂತ ಲಾಂಗ್‌ರೀಚ್‌ನ ಹಿರಿಮೆಯೇನೂ ಕಡಿಮೆಯಲ್ಲ. 1922ರ ಹ್ಯಾಂಗರ್ (ವಿಮಾನ ನಿಲ್ಲಿಸುವ ಕೊಟ್ಟಿಗೆ) ಈಗಲೂ ನಿಂತಿದೆ. ಅದರೊಳಗೇ ಡಿಎಚ್50 ಎಂಬ ಪುಟ್ಟ ವಿಮಾನಗಳನ್ನು ಕೈಯಾರೆ ಜೋಡಿಸಿದ್ದರು! ಬಿಡಿಭಾಗ ಸುಲಭವಾಗಿ ಸಿಗದ ಆ ಒಣನೆಲದಲ್ಲಿ ಮರದ ಚೌಕಟ್ಟು ಕೂಡಿಸಿ, ಬಟ್ಟೆ ಹೊದಿಸಿ ಹಾರಿಸಿದವರ ಕೆಲಸವನ್ನು ನೆನೆದರೆ ಗೌರವ ಮೂಡುತ್ತದೆ. ಪಕ್ಕದ ಸಂಗ್ರಹಾಲಯದಲ್ಲಿ ನಿವೃತ್ತ ಬೋಯಿಂಗ್ 707, 747 ವಿಮಾನಗಳಿವೆ.

ಎರಡೂ ಊರುಗಳ ನಡುವೆ ಸುಮಾರು 180 ಕಿ.ಮೀ. ದಾರಿ. ದಯವಿಟ್ಟು ವಿಂಟನ್ ಅನ್ನು ಕೈಬಿಡಬೇಡಿ. ಮುಸ್ಸಂಜೆಗೆ ಕಾಂಗರೂಗಳು ರಸ್ತೆಗೆ ನುಗ್ಗುತ್ತವೆ, ಹಗಲಲ್ಲೇ ಹೊರಡಿ.