ಮಾಹಿತಿದಾರರು ನಲವತ್ತೆರಡು, ಅದರಲ್ಲೊಂದು ನಾಯಿ

ನನ್ನ ಪಿಎಚ್.ಡಿ. ವಿಷಯ ಮಂಡ್ಯ ಸೀಮೆಯ ವೀರಗಲ್ಲುಗಳು. ಕಲ್ಲುಗಳು ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ ನಿಂತಿದ್ದರೆ ನಾನು ಮಾತ್ರ ಯಾವುದಾದರೊಂದು ಕಾಲೇಜಿನ ಸಭಾಂಗಣದಲ್ಲಿ ಕುಳಿತಿರುತ್ತಿದ್ದೆ. ಮಹಾಪ್ರಬಂಧ ಸಲ್ಲಿಸುವ ಮುನ್ನ ಎರಡು ಕಡೆ ಲೇಖನ ಮಂಡಿಸಿರಬೇಕೆಂದು ಯುಜಿಸಿಯ 2016ರ ನಿಯಮ ಹೇಳಿತ್ತು. 2022ರಲ್ಲಿ ಆ ಕಡ್ಡಾಯ ಹೋಯಿತು. ಹೋಗುವಷ್ಟರಲ್ಲಿ ನನ್ನ ಬಳಿ ಹನ್ನೊಂದು ಪ್ರಮಾಣಪತ್ರ, ಒಂಬತ್ತು ಕೈಚೀಲ ಸೇರಿದ್ದವು. ಚೀಲಗಳನ್ನು ಅಮ್ಮ ಸಂತೆಗೆ ಒಯ್ಯುತ್ತಾಳೆ.

ಮೊದಲ ಮಂಡನೆಯಲ್ಲೇ ನುಡಿ ತಂತ್ರಾಂಶ ಕೈಕೊಟ್ಟಿತು. ಅದರ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಸ್ಲೈಡುಗಳು, ಆ ಫಾಂಟಿಲ್ಲದ ಕಾಲೇಜಿನ ಕಂಪ್ಯೂಟರಿನಲ್ಲಿ ಕೊಂಬು, ಚುಕ್ಕಿ, ಬಾಲಗಳಿರುವ ಪರದೇಶಿ ಅಕ್ಷರಗಳಾಗಿ ತೆರೆದುಕೊಂಡವು. ‘ಇದು ಯಾವ ಕಾಲದ ಲಿಪಿ?’ ಎಂದು ಅಧ್ಯಕ್ಷರು ನಿಜವಾದ ಕುತೂಹಲದಿಂದ ಕೇಳಿದರು. ಹತ್ತನೆಯ ಶತಮಾನದ ಕಲ್ಬರಹವನ್ನು ತಡವರಿಸಿಯಾದರೂ ಓದಬಲ್ಲ ನಾನು, ಅಂದು ಬೆಳಗ್ಗೆ ಏಳಕ್ಕೆ ಬರೆದದ್ದನ್ನು ಓದಲಾರದೆ ನಿಂತೆ.

ಅದೇನೂ ದೊಡ್ಡದಲ್ಲ. ದೊಡ್ಡದು ಎಸ್‌ಪಿಎಸ್‌ಎಸ್ ಎಂಬ ಅಂಕಿಅಂಶ ತಂತ್ರಾಂಶದ ಕಾರ್ಯಾಗಾರ. ‘ಎಲ್ಲ ವಿಷಯದ ಸಂಶೋಧಕರಿಗೂ’ ಎಂದು ಆಮಂತ್ರಣದಲ್ಲಿತ್ತು, ನಂಬಿದೆ.

‘ನಿಮ್ಮ ಸ್ಯಾಂಪಲ್ ಎಷ್ಟು?’ ಎಂದರು ಸಂಪನ್ಮೂಲ ವ್ಯಕ್ತಿ.

‘ನಲವತ್ತೆರಡು ವೀರಗಲ್ಲು, ಸರ್.’

‘ಸರಿ, ನಲವತ್ತೆರಡು ಜನ. ಪ್ರಶ್ನಾವಳಿ ಕೊಟ್ಟಿರಾ?’

‘ಅವರೆಲ್ಲ ಸತ್ತಿದ್ದಾರೆ, ಸರ್. ತೀರಾ ಈಚಿನವರು ಹೋಗಿಯೇ ನಾನೂರು ವರ್ಷವಾಗಿದೆ.’

ಅವರು ಧೃತಿಗೆಡಲಿಲ್ಲ. ಗಣಿತ ಬಲ್ಲವರ ಸ್ಥೈರ್ಯವೇ ಬೇರೆ. ಸಾವಿನ ಕಾರಣಕ್ಕೆ ಸಂಕೇತ ಕೊಡಿಸಿದರು: ತುರುಗೊಳ್ ಅಂದರೆ ದನ ಕದಿಯಲು ಬಂದವರೊಡನೆ ಕಾದಾಟ, 1; ಊರಳಿವು ಅಂದರೆ ಊರಿನ ಮೇಲೆ ಬಿದ್ದವರೊಡನೆ ಕಾದಾಟ, 2; ಪೆಣ್ಬುಯ್ಯಲ್ ಅಂದರೆ ಹೆಂಗಸರ ಮೊರೆ ಕೇಳಿ ಅವರ ರಕ್ಷಣೆಗೆ ಕಾದಾಟ, 3. ಮುಂದಿನದು ಲಿಂಗ. ಗಂಡು 1, ಹೆಣ್ಣು 2. ಅಲ್ಲಿ ನಾನು ಕೈ ಎತ್ತಬೇಕಾಯಿತು, ಏಕೆಂದರೆ ನನ್ನ ಪಟ್ಟಿಯಲ್ಲಿ ಕಾಳಿ ಇತ್ತು. ಹಂದಿಯೊಡನೆ ಹೋರಾಡಿ ಸತ್ತ ಬೇಟೆನಾಯಿ. ಸುಮಾರು 950ರ ಆತಕೂರಿನ ಶಾಸನ ಅದರ ನೆನಪನ್ನೂ ಉಳಿಸಿದೆ, ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ. ಇಷ್ಟನ್ನೂ ಹೇಳಿದೆ. ‘ಇತರೆ, 3’ ಎಂದು ಅವರು ಮುಂದಕ್ಕೆ ಹೋದರು.

ವಯಸ್ಸು? ಕಲ್ಲುಗಳು ಹೇಳುವುದಿಲ್ಲ. ‘ಗೊತ್ತಿಲ್ಲದಿದ್ದರೆ 99 ಹಾಕಿ’ ಎಂದರು. ಹಾಕಿದೆ. ಅದು ಲೆಕ್ಕಕ್ಕಿಲ್ಲದ ಸಂಖ್ಯೆಯೆಂದು ತಂತ್ರಾಂಶಕ್ಕೂ ತಿಳಿಸಬೇಕೆಂದು ಹೇಳುವಾಗ ನಾನು ಮಜ್ಜಿಗೆಯ ಸಾಲಿನಲ್ಲಿದ್ದೆ. ಸಂಜೆ ಫಲಿತಾಂಶ ಬಂತು. ಮಂಡ್ಯ ಸೀಮೆಯಲ್ಲಿ ಹೋರಾಡಿ ಮಡಿದವರ ಸರಾಸರಿ ವಯಸ್ಸು 99. ಮಾಹಿತಿದಾರರಲ್ಲಿ ಶೇ. 2.4ರಷ್ಟು ನಾಯಿಗಳು.

ಹೊರಡುವಾಗ ಒಂದು ಹಾಳೆ ಕೊಟ್ಟರು: ಕಾರ್ಯಾಗಾರ ನಿಮ್ಮ ಸಂಶೋಧನೆಗೆ ಎಷ್ಟು ಉಪಯುಕ್ತ, ಒಂದರಿಂದ ಐದರೊಳಗೆ ಗುರುತಿಸಿ. ತುಂಬಿ ಕೊಟ್ಟವರಿಗೆ ಮಾತ್ರ ಪ್ರಮಾಣಪತ್ರ. ಐದಕ್ಕೆ ಸುತ್ತು ಹಾಕಿದೆ.

ಕೋಷ್ಟಕಗಳನ್ನು ಗೈಡ್ ಮೇಡಂ ಮುಂದಿಟ್ಟಾಗ ನಗುತ್ತಾರೆಂದುಕೊಂಡಿದ್ದೆ. ಅವರು ಕನ್ನಡಕ ಏರಿಸಿಕೊಂಡು ಬಣ್ಣಬಣ್ಣದ ಪೈ ಚಾರ್ಟನ್ನು ಬಹಳ ಹೊತ್ತು ನೋಡಿದರು.

‘ವಯಸ್ಸು ತೆಗೆದುಬಿಡಪ್ಪ,’ ಎಂದರು. ‘ನಾಯಿ ಇರಲಿ.’